ಆ ನಿಶ್ಚಿಂತೆಯ ದಿನಗಳ ಹಿಂದೆ ಯಾರ ಚಿಂತೆಯಿತ್ತು? (ಓದುಗರ ಪ್ರಶ್ನೆ, ನಮ್ಮ ಉತ್ತರ)

ಪ್ರಶ್ನೆ: ನನಗೆ 46 ವರ್ಷ. ಊರು ತೀರ್ಥಹಳ್ಳಿಯ ಕಡೆ. ಉದ್ಯೋಗದ ನಿಮಿತ್ತ ಬಹಳ ವರ್ಷಗಳಿಂದ ಬೆಂಗಳೂರಿನಲ್ಲಿದ್ದೇನೆ. ಸಂಸಾರದಲ್ಲಿ ಹೇಳಿಕೊಳ್ಳುವಂಥ ತೊಂದರೆಯೇನೂ ಇಲ್ಲ. ಆದರೆ ಇತ್ತೀಚೆಗೆ ಬಾಲ್ಯದ ನೆನಪು ಬಿಡದೆ ಕಾಡುತ್ತಿದೆ. ಏಪ್ರಿಲ್ 10ಕ್ಕೆ ಪಾಸು-ಫೇಲು ಗೊತ್ತಾದ ಮಾರನೆಯ ದಿನವೇ ಅಜ್ಜಿಯ ಮನೆಗೆ ಹೊರಡುತ್ತಿದ್ದುದು, ಅಂಗಳದಲ್ಲಿ ಹಲಸಿನ ಹಪ್ಪಳ ಒಣಹಾಕಿ ನಮ್ಮನ್ನು ಕಾಗೆ ಕಾಯಲು ಕೂರಿಸುತ್ತಿದ್ದುದು, ಹಪ್ಪಳದ ಹಸಿ ಹಿಟ್ಟಿಗೆ ಕೊಬ್ಬರಿ ಎಣ್ಣೆ ಹಾಕಿಸಿಕೊಂಡು ತಿನ್ನುತ್ತಿದ್ದುದು, ಮರಕೋತಿ ಆಟ, ರಾತ್ರಿ ಜಗಲಿಯ ಮೇಲೆ ಸಾಲಾಗಿ ಮಲಗುತ್ತಿದ್ದುದು, ಇವೇ ಕಣ್ಣ ಮುಂದೆ ಬರುತ್ತವೆ. ಈಗಿನ ಯಾವುದರಲ್ಲೂ ಆ ರುಚಿ ಇಲ್ಲ ಅನ್ನಿಸುತ್ತದೆ. "ನೀವು ಮನೆಯಲ್ಲಿದ್ದೂ ಇಲ್ಲಿ ಇರುವುದಿಲ್ಲ" ಎಂದು ಹೆಂಡತಿ ಬೇಸರಪಡುತ್ತಾಳೆ. ಇದು ಮಾನಸಿಕ ಕಾಯಿಲೆಯೇ? ಊರಿಗೇ ಹೋಗಿ ನೆಲೆಸಿಬಿಟ್ಟರೆ ಸರಿಹೋಗುತ್ತದೆಯೇ?
(ಓದುಗರೊಬ್ಬರು, ಬೆಂಗಳೂರು)

ಉತ್ತರ: ಕಾಯಿಲೆಯೇ ಎಂಬ ನಿಮ್ಮ ಅಂಜಿಕೆಗೆ ಮುನ್ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಯೊಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ, ಮನೆಯಿಂದ ದೂರ ಉಳಿದವರಲ್ಲಿ ಕಾಣುವ ಈ ಹಂಬಲವನ್ನು ಒಂದು ರೋಗವೆಂದೇ ವರ್ಣಿಸಿ ಪ್ರಬಂಧ ಬರೆದನು. ಪರದೇಶಗಳಲ್ಲಿ ಕೂಲಿಸೈನಿಕರಾಗಿ ದುಡಿಯುತ್ತಿದ್ದ ಸ್ವಿಸ್ ಯುವಕರು ಊಟ ನಿದ್ರೆ ಬಿಟ್ಟು ಸೊರಗುತ್ತಿದ್ದುದನ್ನು ಅಂದಿನ ವೈದ್ಯರು ಕಂಡಿದ್ದರು. ಅವರನ್ನು ಊರಿಗೆ ಕಳುಹಿಸಿಕೊಡುವುದೇ ಹೋಫರನು ಸೂಚಿಸಿದ ಮುಖ್ಯ ಮದ್ದಾಗಿತ್ತು. ಇಂದು ಇದನ್ನು ಯಾವ ವೈದ್ಯರೂ ಕಾಯಿಲೆಯೆಂದು ಪರಿಗಣಿಸುವುದಿಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ಟಿಮ್ ವೈಲ್ಡ್‌ಶುಟ್, ಕಾನ್‌ಸ್ಟಂಟೈನ್ ಸೆಡಿಕಿಡಿಸ್ ಮತ್ತು ಅವರ ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡುಬಂದದ್ದೇನೆಂದರೆ, ಮನಸ್ಸು ಕುಗ್ಗಿದಾಗ, ಅದರಲ್ಲೂ ಒಂಟಿತನ ಕಾಡಿದಾಗ ಇಂಥ ನೆನಪುಗಳು ಹೆಚ್ಚು ಏಳುತ್ತವೆ, ಎದ್ದ ಮೇಲೆ "ನನಗೂ ನನ್ನವರೆನ್ನುವವರು ಇದ್ದಾರೆ" ಎಂಬ ಭಾವವನ್ನು ಬಲಪಡಿಸುತ್ತವೆ. ನಿಮ್ಮ ಪತ್ರವನ್ನೇ ಇನ್ನೊಮ್ಮೆ ಓದಿ ನೋಡಿ. ಅದರಲ್ಲಿ ನೀವು ಒಬ್ಬರೇ ಇರುವ ನೆನಪು ಒಂದೂ ಇಲ್ಲ. ಹೀಗಾಗಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬಾಲ್ಯದ್ದಲ್ಲ, ಈಗಿನದು: ಬೆಂಗಳೂರಿನ ಈ ದಿನಗಳಲ್ಲಿ ನೀವು ಯಾರೊಡನೆ ಕುಳಿತು ನೆಮ್ಮದಿಯಾಗಿ ಮಾತನಾಡುತ್ತೀರಿ?

ಊರಿಗೆ ಹೋಗಿ ನೆಲೆಸುವ ವಿಚಾರಕ್ಕೆ ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನ್ಯುಯೆಲ್ ಕಾಂಟ್ 1798ರಷ್ಟು ಹಿಂದೆಯೇ ಒಂದು ಎಚ್ಚರಿಕೆಯ ಮಾತು ಬರೆದಿಟ್ಟಿದ್ದಾನೆ. ಹಾಗೆ ಹಂಬಲಿಸಿ ಊರಿಗೆ ಮರಳಿದ ಸ್ವಿಸ್ ಜನರು ಅಲ್ಲಿ ನಿರಾಶರಾಗುತ್ತಾರೆ, ಊರೇ ಬದಲಾಗಿದೆಯೆಂದು ಭಾವಿಸುತ್ತಾರೆ, ಆದರೆ ನಿಜವಾಗಿ ಅವರಿಗೆ ಅಲ್ಲಿ ಮರಳಿ ಸಿಗದೆ ಹೋದದ್ದು ತಮ್ಮ ಎಳೆಯ ವಯಸ್ಸು ಎಂದು ಅವನು ಗುರುತಿಸಿದ. ನೀವು ಊರಿಗೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ತೋಟದ ಕೆಲಸ, ಅಲ್ಲಿನ ಆದಾಯ, ಮಕ್ಕಳ ಓದು, ಹೆಂಡತಿಯ ಇಷ್ಟ ಇವೆಲ್ಲವನ್ನೂ ಕೂತು ಲೆಕ್ಕಹಾಕಿ, ಅದು ಸರಿಯೆಂದು ಕಂಡರೆ ಹೋಗಿ. ಹತ್ತು ವರ್ಷದ ಹುಡುಗನಾಗುವ ಆಸೆಯಿಂದ ಮಾತ್ರ ಹೋಗಬೇಡಿ.

ನೆನಪಿನ ವಿಷಯದಲ್ಲಿ ಮನಶ್ಶಾಸ್ತ್ರವು ಒಪ್ಪಿಕೊಂಡಿರುವ ಒಂದು ಸಂಗತಿಯನ್ನೂ ನೀವು ತಿಳಿದಿರಬೇಕು. ಒಂದು ಅನುಭವಕ್ಕೆ ಅಂಟಿಕೊಂಡ ನೋವಿನ ಭಾವ, ಸಂತೋಷದ ಭಾವಕ್ಕಿಂತ ಬೇಗ ಮಾಸುತ್ತದೆ. ಏಪ್ರಿಲ್ 10ರ ಮುನ್ನಾ ರಾತ್ರಿ ಫೇಲಾದೇನೋ ಎಂಬ ಭಯದಲ್ಲಿ ನಿದ್ದೆಗೆಟ್ಟದ್ದು, ಲೆಕ್ಕದ ಮೇಷ್ಟ್ರ ಬೆತ್ತ, ದೊಡ್ಡ ಹುಡುಗರು ಆಟಕ್ಕೆ ಸೇರಿಸಿಕೊಳ್ಳದೆ ಅಳಿಸಿದ್ದು ಇವೂ ನಿಮ್ಮ ಬಾಲ್ಯದಲ್ಲಿ ಇದ್ದಿರಲೇಬೇಕು. ಅವುಗಳ ಮೊನೆ ಸವೆದುಹೋಗಿ ಮರುದಿನದ ಬಸ್ಸಿನ ಪ್ರಯಾಣ ಮಾತ್ರ ಹೊಳೆಯುತ್ತಾ ಉಳಿದಿದೆ. ಅಲ್ಲದೆ ನಲವತ್ತು ದಾಟಿದವರಿಗೆ ತಮ್ಮ ಹತ್ತರಿಂದ ಮೂವತ್ತರ ನಡುವಣ ವಯಸ್ಸಿನ ಘಟನೆಗಳು ಉಳಿದ ಕಾಲದವುಗಳಿಗಿಂತ ಹೆಚ್ಚಾಗಿ ನೆನಪಿಗೆ ಬರುವುದು ಲೋಕಸಾಮಾನ್ಯ. ಕೊಬ್ಬರಿ ಎಣ್ಣೆಯ ವಾಸನೆ ಬಂದರೆ ಸಾಕು ಇಡೀ ಅಂಗಳ ಎದ್ದು ಬರುವುದಕ್ಕೂ ಕಾರಣವಿದೆ. ವಾಸನೆಯ ನರಮಾರ್ಗವು ಭಾವನೆ ಮತ್ತು ನೆನಪನ್ನು ನೋಡಿಕೊಳ್ಳುವ ಮಿದುಳಿನ ಭಾಗಗಳನ್ನು ಇತರ ಇಂದ್ರಿಯಗಳಿಗಿಂತ ನೇರವಾಗಿ ತಲುಪುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ನಿಮ್ಮ ನೆನಪು ಸುಳ್ಳು ಎಂದು ನಾನು ಸಾಧಿಸಿದಂತಾಗುತ್ತದೆ, ಅದು ನನ್ನ ಉದ್ದೇಶವಲ್ಲ. ಆ ದಿನಗಳಲ್ಲಿ ನೀವು ನಿಜವಾಗಿಯೂ ನಿಶ್ಚಿಂತರಾಗಿದ್ದಿರಿ. ಆದರೆ ಆ ನಿಶ್ಚಿಂತೆ ಎಲ್ಲಿಂದ ಬಂತೆಂದು ನೋಡಲು ನೀವೇ ಬರೆದ ಹಪ್ಪಳದ ಅಂಗಳಕ್ಕೆ ಹೋಗೋಣ. ನೀವು ಕೋಲು ಹಿಡಿದು ಕಾಗೆ ಓಡಿಸಲು ಕೂರುವ ಹೊತ್ತಿಗೆ ಮನೆಯ ಹೆಂಗಸರ ಅರ್ಧ ದಿನದ ದುಡಿಮೆ ಮುಗಿದಿರುತ್ತಿತ್ತು. ಬೆಳೆದ ಹಲಸಿನ ಕಾಯಿಯನ್ನು ಕಡಿಯುವ ಮೊದಲು ಕೈಗೂ ಕತ್ತಿಗೂ ಎಣ್ಣೆ ಸವರಿಕೊಳ್ಳಬೇಕು, ಇಲ್ಲದಿದ್ದರೆ ಮೇಣ ಹಿಡಿದು ಬಿಡುವುದಿಲ್ಲ. ತೊಳೆ ಬಿಡಿಸಿ, ಬೀಜ ತೆಗೆದು, ಹಬೆಯಲ್ಲಿ ಬೇಯಿಸಿ, ಆರುವ ಮೊದಲೇ ಒರಳಿಗೆ ಹಾಕಿ ಕುಟ್ಟಿ, ಉಪ್ಪು ಖಾರ ಬೆರೆಸಿ ಉಂಡೆ ಕಟ್ಟಿ, ಒಂದೊಂದನ್ನೇ ಮಣೆಯಲ್ಲಿ ಒತ್ತಿ, ಬಿಸಿಲು ಏರುವಷ್ಟರಲ್ಲಿ ಚಾಪೆಯ ಮೇಲೆ ಹರಡಿ ಮುಗಿಸಬೇಕು. ಅದು ಆಟಕ್ಕೆ ಮಾಡುತ್ತಿದ್ದ ಕೆಲಸವೂ ಆಗಿರಲಿಲ್ಲ. ಜೂನ್‌ನಿಂದ ತಿಂಗಳುಗಟ್ಟಲೆ ಮಳೆ ಹಿಡಿದರೆ ಅನ್ನದ ಜೊತೆಗೆ ಏನು ಎಂಬ ಪ್ರಶ್ನೆಗೆ ಆ ಮನೆಯವರು ಏಪ್ರಿಲ್‌ನಲ್ಲೇ ಕಂಡುಕೊಳ್ಳುತ್ತಿದ್ದ ಉತ್ತರವದು. ಅದೇ ಹೊತ್ತಿಗೆ ಗಂಡಸರು ಮಳೆಗೆ ಮುಂಚೆ ಅಡಿಕೆಗೆ ಮದ್ದು ಹೊಡೆಸಲು ಮೈಲುತುತ್ತಿಗೆ ದುಡ್ಡು ಹೊಂದಿಸುವ, ಕೊಳೆರೋಗ ಬಿದ್ದರೆ ಸೊಸೈಟಿಯ ಸಾಲ ತೀರಿಸುವುದು ಹೇಗೆಂಬ ಯೋಚನೆಯಲ್ಲಿರುತ್ತಿದ್ದರು. ಚಿಂತೆ ಆ ಮನೆಯಲ್ಲಿ ಧಾರಾಳವಾಗಿಯೇ ಇತ್ತು, ಅದನ್ನು ನಿಮ್ಮ ತಲೆಯ ಮೇಲೆ ಬೀಳದಂತೆ ದೊಡ್ಡವರು ಹೊತ್ತುಕೊಂಡಿದ್ದರು, ಹೊತ್ತುಕೊಂಡಿದ್ದೇವೆಂದು ನಿಮಗೆ ಗೊತ್ತಾಗಲೂ ಬಿಡಲಿಲ್ಲ. ನಿಮ್ಮ ಹಂಬಲ ಹಪ್ಪಳಕ್ಕೋ ಮಾವಿನ ತೋಪಿಗೋ ಅಲ್ಲವೆಂದು ನನಗೆ ತೋರುತ್ತದೆ. ತನ್ನ ಪಾಲಿನ ಚಿಂತೆಯನ್ನು ಇನ್ನೊಬ್ಬರು ಹೊತ್ತಿದ್ದ ಆ ಸ್ಥಿತಿಗಾಗಿ, ಈಗ ಎಲ್ಲರ ಚಿಂತೆ ಹೊತ್ತು ದಣಿದ ಮನುಷ್ಯ ಹಂಬಲಿಸುತ್ತಿದ್ದಾನೆ. ಅದು ತೀರ ಸಹಜವಾದದ್ದು, ನಾಚಿಕೆಪಡಬೇಕಾದದ್ದಲ್ಲ.

ಹಾಗಾದರೆ ಮಾಡಬೇಕಾದದ್ದೇನು? ನಿಮ್ಮ ತಾಯಿಯೋ, ಚಿಕ್ಕಮ್ಮ ದೊಡ್ಡಮ್ಮಂದಿರೋ, ಸೋದರಮಾವನೋ ಇದ್ದರೆ ಈ ಬಾರಿ ಊರಿಗೆ ಹೋದಾಗ ಅವರ ಬಳಿ ಕುಳಿತು, "ಆ ಬೇಸಿಗೆಯಲ್ಲಿ ನಾವೆಲ್ಲ ಬಂದಾಗ ನಿಮಗೆ ಹೇಗಿರುತ್ತಿತ್ತು? ಅಷ್ಟು ಮಕ್ಕಳಿಗೆ ಅಕ್ಕಿ ಎಲ್ಲಿಂದ ಹೊಂದಿಸುತ್ತಿದ್ದಿರಿ?" ಎಂದು ಕೇಳಿ. ಸುಮ್ಮನೆ "ಆಗ ಎಷ್ಟು ಚೆನ್ನಾಗಿತ್ತು" ಎಂದರೆ ಅವರೂ ಹೌದೆಂದು ತಲೆಯಾಡಿಸಿ ಸುಮ್ಮನಾಗುತ್ತಾರೆ. ಲೆಕ್ಕ ಕೇಳಿದರೆ ಕಥೆ ಹೊರಬರುತ್ತದೆ. ನಿಮ್ಮ ನೆನಪಿನಲ್ಲಿ ಅಡುಗೆಮನೆಯ ಹೊಗೆಯ ಹಿಂದೆ ಮಸುಕಾಗಿ ಉಳಿದಿರುವವರು ಆಗ ನಿಜವಾದ ಮನುಷ್ಯರಾಗಿ ನಿಲ್ಲುತ್ತಾರೆ. ಈ ಮಾತುಕತೆಯನ್ನು ಮುಂದೂಡಬೇಡಿ. ಕೇಳಬೇಕಾದವರು ಹೋದ ಮೇಲೆ ಪ್ರಶ್ನೆ ಹುಟ್ಟಿದ ಎಷ್ಟೋ ಮಂದಿ ಈ ಅಂಕಣಕ್ಕೆ ಬರೆದಿದ್ದಾರೆ, ಅವರಿಗೆ ಉತ್ತರಿಸುವುದು ನನಗೆ ಬಹಳ ಕಷ್ಟವಾಗಿದೆ.

ನಿಮ್ಮ ಹೆಂಡತಿಯ ಮಾತನ್ನೂ ಗಂಭೀರವಾಗಿ ತೆಗೆದುಕೊಳ್ಳಿ. ಅವರಿಗೂ ಒಂದು ಬಾಲ್ಯವಿತ್ತು. ಅದರ ಬಗ್ಗೆ ನೀವು ಎಂದಾದರೂ ಬಿಡುವಾಗಿ ಕೇಳಿದ್ದೀರಾ? ಮನೆಯ ಸಾಲ, ಮಕ್ಕಳ ಫೀಸು, ವಯಸ್ಸಾದವರ ಆರೋಗ್ಯ ಇವನ್ನೆಲ್ಲ ಒಬ್ಬರೇ ಮನಸ್ಸಿನಲ್ಲಿ ಗುಣಿಸುತ್ತಾ ಕೂರದೆ ಅವರೊಡನೆ ಹಂಚಿಕೊಂಡರೆ, ನೀವು ಹಂಬಲಿಸುವ ಹಗುರತನದಲ್ಲಿ ಒಂದು ಪಾಲು ಈ ವಯಸ್ಸಿನಲ್ಲೂ ಸಿಗಬಹುದು. ಇಷ್ಟಾಗಿಯೂ ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿಯಿಲ್ಲದೆ, ನಿದ್ದೆ ಹಸಿವು ಕೆಟ್ಟು, ಬದುಕೇ ಬೇಡವೆಂಬ ಯೋಚನೆ ಸುಳಿದರೆ ಅದು ಬಾಲ್ಯದ ಹಂಬಲವಲ್ಲ, ಖಿನ್ನತೆಯಿರಬಹುದು. ಆಗ ತಡಮಾಡದೆ ಮನೋವೈದ್ಯರನ್ನು ಕಾಣಿ, ಅಥವಾ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆಗೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಪ್ರಶ್ನೆ: ನನ್ನ ಗಂಡನ ಮನೆಯವರು ವಾಟ್ಸಾಪ್‌ನಲ್ಲಿ ದಿನವೂ ಬಾಲ್ಯದ ಆಟ, ಶಾಲೆ, ಜಾತ್ರೆಯ ನೆನಪು ಹಂಚಿಕೊಳ್ಳುತ್ತಾರೆ. ನನಗೆ ಹೇಳಲು ಏನೂ ಇಲ್ಲ. ನಾನು ರಾಣೆಬೆನ್ನೂರು ಕಡೆಯವಳು, ಈಗ 40 ವರ್ಷ. ಐದನೇ ಇಯತ್ತೆಗೆ ಶಾಲೆ ಬಿಡಿಸಿದರು. ತಮ್ಮಂದಿರನ್ನು ನೋಡಿಕೊಳ್ಳುವುದು, ಅವ್ವನ ಜೊತೆ ಬೀಜದ ಹತ್ತಿಯ ಹೊಲಕ್ಕೆ ಕ್ರಾಸಿಂಗ್ ಕೆಲಸಕ್ಕೆ ಹೋಗುವುದು, ಅದೇ ನನ್ನ ಬಾಲ್ಯ. ಅವರ ನಗು ಕಂಡಾಗ ಹೊಟ್ಟೆಯೊಳಗೆ ಸಂಕಟವಾಗುತ್ತದೆ, ಆಮೇಲೆ ನಾನೇ ಕೆಟ್ಟವಳೇನೋ ಅನ್ನಿಸುತ್ತದೆ.
(ಗೃಹಿಣಿ, ದಾವಣಗೆರೆ)

ಉತ್ತರ: ತಾಯೀ, ನೀವು ಕೆಟ್ಟವರಲ್ಲ. ಕಳೆದುಕೊಂಡದ್ದಕ್ಕೆ ದುಃಖಪಡುವುದು ಹೇಗೋ, ಸಿಗಬೇಕಾದದ್ದು ಸಿಗದೆ ಹೋದದ್ದಕ್ಕೆ ದುಃಖಪಡುವುದೂ ಹಾಗೆಯೇ ನ್ಯಾಯವಾದದ್ದು.

ನಿಮ್ಮ ಪತ್ರವನ್ನು ಎಲ್ಲ ಓದುಗರೂ ಓದಬೇಕೆಂಬುದು ನನ್ನ ಆಸೆ, ಏಕೆಂದರೆ "ನಮ್ಮ ಕಾಲದ ಬಾಲ್ಯ" ಎಂದು ಬರೆಯುವವರು ಬಹುಪಾಲು ಶಾಲೆಗೆ ಹೋಗಿ ಓದು ಬರಹ ಕಲಿತವರೇ ಆಗಿರುತ್ತಾರೆ. 1991ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಏಳು ವರ್ಷ ಮೇಲ್ಪಟ್ಟ ಹೆಣ್ಣುಮಕ್ಕಳಲ್ಲಿ ಅಕ್ಷರಸ್ಥರು ಶೇ. 44.34 ಮಾತ್ರ, ಗಂಡಸರಲ್ಲಿ ಅದು ಶೇ. 67.26 ಇತ್ತು. ಹೈಬ್ರಿಡ್ ಬೀಜಕ್ಕಾಗಿ ಹತ್ತಿಯ ಎರಡು ತಳಿಗಳನ್ನು ಕೈಯಿಂದಲೇ ಕೂಡಿಸುವ ಈ ಕ್ರಾಸಿಂಗ್ ಕೆಲಸವೂ ಹುಡುಗಿಯರ ಬೆರಳನ್ನೇ ನೆಚ್ಚಿಕೊಂಡಿತ್ತು. ಮೊದಲ ದಿನ ಮೊಗ್ಗಿನ ಕೇಸರಗಳನ್ನು ಬಿಡಿಸಿ ತೆಗೆದು ಗುರುತು ಕಟ್ಟುವುದು, ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗವನ್ನು ಅದಕ್ಕೆ ಮುಟ್ಟಿಸುವುದು, ಹೀಗೆ ಒಂದೊಂದು ಹೂವಿಗೂ ಎರಡು ಸಲ ಕೈ ತಾಗಬೇಕಿತ್ತು. ಸಣ್ಣ ಬೆರಳು, ಗಿಡದೆತ್ತರದ ಮೈ, ಕಡಿಮೆ ಕೂಲಿ ಎಂಬ ಕಾರಣ ಕೊಟ್ಟು ಮಕ್ಕಳನ್ನು ಶಾಲೆ ಬಿಡಿಸಿ ಅದಕ್ಕೆ ಹಚ್ಚಿದ್ದು ಅನ್ಯಾಯವೇ. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಹಕ್ಕಾಗಿಸಿದ ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು, ನಿಮ್ಮ ಪಾಲಿಗೆ ಅದು ತಡವಾಗಿತ್ತು. ಮೇಲಿನ ಪತ್ರಕ್ಕೆ ಉತ್ತರಿಸುವಾಗ ದೊಡ್ಡವರು ಚಿಂತೆ ಹೊತ್ತಿದ್ದರಿಂದ ಮಕ್ಕಳು ನಿಶ್ಚಿಂತರಾಗಿದ್ದರು ಎಂದೆ. ನಿಮ್ಮ ಮನೆಯಲ್ಲಿ ಆ ಹೊರೆ ಹೊತ್ತ ದೊಡ್ಡವರಲ್ಲಿ ನೀವೂ ಒಬ್ಬರು, ಹತ್ತು ಹನ್ನೊಂದನೆಯ ವಯಸ್ಸಿನಲ್ಲಿ. ನಿಮ್ಮ ತಮ್ಮಂದಿರಿಗೆ ಬಾಲ್ಯವೆಂಬುದೊಂದು ಸಿಕ್ಕಿದ್ದರೆ ಅದರ ಒಂದು ಭಾಗ ನೀವು ಕೊಟ್ಟದ್ದು, ಅವರಿಗೆ ಅದು ತಿಳಿದಿದೆಯೋ ಇಲ್ಲವೋ.

ವಾಟ್ಸಾಪ್‌ನಲ್ಲಿ ನಗುವವರ ಜೊತೆ ಬಲವಂತವಾಗಿ ನಗಬೇಕಾಗಿಲ್ಲ. ಮನಸ್ಸಿಗೆ ಬಂದ ದಿನ, ಹತ್ತಿ ಹೊಲದ ಬೆಳಗು ಹೇಗಿತ್ತೆಂದು ನೀವು ನನಗೆ ಬರೆದ ಹಾಗೆಯೇ ಅಲ್ಲಿಯೂ ಬರೆಯಿರಿ. ಬೇಡವೆನಿಸಿದರೆ ಗಂಡನಿಗೊಬ್ಬರಿಗೇ ಹೇಳಿ. ಇನ್ನೊಂದು ಮಾತು, ಓದಬೇಕೆಂಬ ಆಸೆ ಒಳಗೆ ಇನ್ನೂ ಇದ್ದರೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯಲು ಅವಕಾಶವಿದೆ. ಹತ್ತಿರದ ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರನ್ನು ವಿಚಾರಿಸಿ. ಹೋದ ಬಾಲ್ಯ ಅದರಿಂದ ಮರಳುತ್ತದೆಂದು ನಾನು ಹೇಳಲಾರೆ, ಆದರೆ ಐದನೇ ಇಯತ್ತೆಗೆ ನಿಂತುಹೋದದ್ದು ಅಲ್ಲಿಗೇ ನಿಲ್ಲಬೇಕಾಗಿಲ್ಲ.

ಪ್ರಶ್ನೆ: ನಮ್ಮ ಮೊಮ್ಮಕ್ಕಳಿಗೆ ಮೊಬೈಲ್ ಬಿಟ್ಟರೆ ಬೇರೆ ಲೋಕವಿಲ್ಲ. ನಾವು ಆಡಿದ ಲಗೋರಿ, ಚಿನ್ನಿದಾಂಡು, ಚೌಕಾಬಾರ ಎಷ್ಟು ಹೇಳಿದರೂ ಕಿವಿಗೊಡುವುದಿಲ್ಲ. ಅವರಿಗೆ ಬಾಲ್ಯವೇ ಇಲ್ಲದಂತಾಗಿದೆಯಲ್ಲ?
(ನಿವೃತ್ತ ಅಧ್ಯಾಪಕರು, ಮೈಸೂರು)

ಉತ್ತರ: ಅವರಿಗೂ ಬಾಲ್ಯವಿದೆ, ಅದು ನಿಮ್ಮದರಂತಿಲ್ಲ ಅಷ್ಟೆ. ಲಗೋರಿಗೆ ಬೇಕಾದದ್ದು ಏಳು ಬಿಲ್ಲೆ, ಒಂದು ಚೆಂಡು ಮಾತ್ರವಲ್ಲ. ವಾಹನವಿಲ್ಲದ ಬೀದಿ, ಒಂದೇ ವಯಸ್ಸಿನ ಹತ್ತು ಮಕ್ಕಳು, ಟ್ಯೂಷನ್ ಇಲ್ಲದ ಸಂಜೆ ಕೂಡ ಬೇಕು. ಇವನ್ನೆಲ್ಲ ಕಿತ್ತುಕೊಂಡವರು ದೊಡ್ಡವರು, ಮಕ್ಕಳಲ್ಲ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿಯು ವಿಶ್ರಾಂತಿ ಮತ್ತು ಆಟವನ್ನು ಮಕ್ಕಳ ಹಕ್ಕೆಂದು ಹೇಳುತ್ತದೆ, ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ. ಆದ್ದರಿಂದ ನಿಮ್ಮ ದೂರನ್ನು ಮೊಮ್ಮಕ್ಕಳ ಮುಂದಿಡುವ ಬದಲು ಅವರ ತಂದೆತಾಯಿಯ ಮುಂದಿಟ್ಟು, ವಾರದಲ್ಲಿ ಎರಡು ಸಂಜೆಯಾದರೂ ಯಾವ ತರಗತಿಯೂ ಇಲ್ಲದಂತೆ ಬಿಡಿಸಿಕೊಡಿ.

ಮನೆಯೊಳಗೆ ಆಗುವುದು ಚೌಕಾಬಾರ. ಅದಕ್ಕೆ ಅಂಗಡಿಯ ಪಟ ತರಬೇಡಿ. ಹುಣಸೆ ಬೀಜವನ್ನು ಒರಟು ಕಲ್ಲಿನ ಮೇಲೆ ಒಂದು ಬದಿ ಬೆಳ್ಳಗಾಗುವವರೆಗೆ ತೇಯುವ ಕೆಲಸವನ್ನು ಮಕ್ಕಳಿಗೇ ಕೊಡಿ, ಐದೈದು ಮನೆಯ ಚೌಕವನ್ನು ಸೀಮೆಸುಣ್ಣದಿಂದ ಅವರ ಕೈಯಲ್ಲೇ ಬರೆಸಿ. ನಾಲ್ಕೂ ಬೀಜ ಬಿಳಿಯಾಗಿ ಬಿದ್ದರೆ ನಾಲ್ಕು, ನಾಲ್ಕೂ ಕಪ್ಪಾಗಿ ಬಿದ್ದರೆ ಎಂಟು ಎಂದು ಹೇಳಿಕೊಟ್ಟು ಆಟ ಶುರುಮಾಡಿ. ಅವರ ಕಾಯಿ ಕಡಿಯುವ ಅವಕಾಶ ಬಂದಾಗ ಕರುಣೆ ತೋರಿಸಿ ಬಿಟ್ಟುಕೊಡಬೇಡಿ, ಮಕ್ಕಳಿಗೆ ಅದು ಕೂಡಲೇ ಗೊತ್ತಾಗುತ್ತದೆ, ಆಟ ಸಪ್ಪೆಯಾಗುತ್ತದೆ. ಆಡುವಾಗ "ನಮ್ಮ ಕಾಲದಲ್ಲಿ" ಎಂಬ ಮಾತನ್ನೂ ಎತ್ತಬೇಡಿ. ಒಂದು ಆಟ ಮುಗಿದ ಮೇಲೆ ಅವರ ಮೊಬೈಲಿನ ಆಟವೊಂದನ್ನು ನಿಮಗೆ ಕಲಿಸಿಕೊಡುವಂತೆ ಕೇಳಿ, ಸೋಲುವವರೆಗೂ ಕುಳಿತು ಆಡಿ.