ರೂಲ್ ಯಾರೂ ಮುಟ್ಟಿಲ್ಲ, ಆದರೂ ಪಟ್ಟಿ ಬದಲಾಯಿತು!

ಪ್ರಶ್ನೆ: ನಮ್ಮದು ಬಟ್ಟೆ, ಶೂ ಮಾರುವ ಆನ್‌ಲೈನ್ ಸ್ಟೋರ್. ಯಾವ ಪುಟದಲ್ಲಿ ಯಾವ ಪ್ರಾಡಕ್ಟ್ ಮೇಲೆ ಕಾಣಬೇಕು, ಯಾವುದು ಕೆಳಗೆ ಹೋಗಬೇಕು ಅನ್ನುವ ಮರ್ಚಂಡೈಸಿಂಗ್ ರೂಲ್‌ಗಳನ್ನು ನಾಲ್ಕು ಜನ ನೋಡಿಕೊಳ್ಳುತ್ತೇವೆ. ಕಳೆದ ವಾರ ಶೂ ಪುಟದ ಮೊದಲ ಸಾಲು ಇದ್ದಕ್ಕಿದ್ದಂತೆ ಬದಲಾಯಿತು. ಮಾರಾಟವೂ ಬಿತ್ತು. ಕೇಳಿದರೆ ಎಲ್ಲರೂ ‘ನಾನು ಮುಟ್ಟಿಲ್ಲ’ ಅನ್ನುತ್ತಾರೆ. ಕಂಡುಹಿಡಿಯುವುದು ಹೇಗೆ?

ಉತ್ತರ: ನಾಲ್ವರೂ ನಿಜವನ್ನೇ ಹೇಳುತ್ತಿರಬಹುದು!

ರೂಲ್ ಹಾಗೇ ಇದ್ದರೂ ಪಟ್ಟಿ ಬದಲಾಗಬಹುದು. ಎಂದೋ ಹಾಕಿಟ್ಟ ಮುಕ್ತಾಯದ ದಿನಾಂಕ ಬಂದು ರೂಲ್ ತಾನಾಗಿ ಆಫ್ ಆಗಿರುತ್ತದೆ. ಪಿನ್ ಮಾಡಿದ್ದ, ಅಂದರೆ ಮೇಲೆಯೇ ಇರಲಿ ಅಂತ ಕೂರಿಸಿದ್ದ ಶೂ ಸ್ಟಾಕ್ ಖಾಲಿಯಾಗಿ ಕೆಳಗೆ ಜಾರಿರುತ್ತದೆ. ಕ್ಯಾಟಲಾಗ್ ನೋಡಿಕೊಳ್ಳುವವರು ‘ರನ್ನಿಂಗ್’ ಅನ್ನುವ ಟ್ಯಾಗನ್ನು ‘ಸ್ಪೋರ್ಟ್ಸ್’ ಅಂತ ತಿದ್ದಿರುತ್ತಾರೆ; ರೂಲ್ ಪಾಪ ಇನ್ನೂ ಹಳೇ ಟ್ಯಾಗನ್ನೇ ಹುಡುಕುತ್ತಾ ಕೂತಿರುತ್ತದೆ. ಇಲ್ಲವೇ ಇಡೀ ಸ್ಟೋರಿಗೆ ಅನ್ವಯಿಸುವ ಹೊಸ ರೂಲ್ ಬಂದು, ಅದರ ಪ್ರಯಾರಿಟಿ ಜಾಸ್ತಿ ಇದ್ದು, ನಿಮ್ಮ ಶೂ ರೂಲನ್ನು ಮೂಲೆಗೆ ತಳ್ಳಿರುತ್ತದೆ. ಇವು ಯಾವುವೂ ಶೂ ರೂಲಿನ ಲಾಗ್‌ನಲ್ಲಿ (ಯಾರು ಯಾವಾಗ ಏನು ತಿದ್ದಿದರು ಅನ್ನುವ ದಾಖಲೆಯಲ್ಲಿ) ಎಡಿಟ್ ಆಗಿ ಕಾಣುವುದಿಲ್ಲ. ನಾನೇ ಒಮ್ಮೆ ಎರಡು ದಿನ ‘ಅಪರಾಧಿ’ಯನ್ನು ಹುಡುಕಿ, ಕೊನೆಗೆ ನಾನೇ ಹಾಕಿ ಮರೆತಿದ್ದ ದಿನಾಂಕಕ್ಕೆ ಸಿಕ್ಕಿಬಿದ್ದೆ.

ಹಾಗಾಗಿ ‘ಯಾರು’ ಅನ್ನುವುದನ್ನು ಬಿಟ್ಟು ‘ಯಾವಾಗ’ ಅಂತ ಶುರುಮಾಡಿ. ಮೊದಲ ಸಾಲಿನಲ್ಲಿದ್ದ ಪ್ರಾಡಕ್ಟ್‌ಗಳ ವ್ಯೂ, ಕ್ಲಿಕ್ ಯಾವ ಗಂಟೆಗೆ ಕುಸಿದವು ನೋಡಿ. ಆ ಗಂಟೆಗೆ ಮುಂಚಿನ ಒಂದು ದಿನದ ರೂಲ್, ಶೆಡ್ಯೂಲ್, ಸ್ಟಾಕ್, ಕ್ಯಾಟಲಾಗ್ ಬದಲಾವಣೆಗಳನ್ನು ಒಟ್ಟಿಗೆ ಇಟ್ಟು ನೋಡಿ. ಇಲ್ಲಿ ಎಡವುವ ಜಾಗ ಒಂದಿದೆ: ಎಷ್ಟೋ ಲಾಗ್‌ಗಳು ಯುಟಿಸಿ ಸಮಯ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ತೋರಿಸುತ್ತವೆ, ಸೇಲ್ಸ್ ರಿಪೋರ್ಟ್ ನಿಮ್ಮ ಊರಿನ ಸಮಯ ತೋರಿಸುತ್ತದೆ. ತಾರೀಖೇ ಆಚೀಚೆ ಆಗಿಬಿಡುತ್ತದೆ.

ಮುಂದಕ್ಕೆ ಎರಡು ಕೆಲಸ ಮಾಡಿಟ್ಟುಕೊಳ್ಳಿ. ನಿಮ್ಮ ಸಾಫ್ಟ್‌ವೇರಿನಲ್ಲಿ ಎಕ್ಸ್‌ಪೋರ್ಟ್ ಸೌಲಭ್ಯವಿದ್ದರೆ ದಿನಾ ರಾತ್ರಿ ಎಲ್ಲಾ ರೂಲ್‌ಗಳನ್ನು ಜೇಸನ್ (JSON) ಅನ್ನುವ ಸರಳ ಪಠ್ಯದ ಫೈಲಾಗಿ ತೆಗೆದು ಗಿಟ್‌ಗೆ ಹಾಕಿ. ಪ್ರೋಗ್ರಾಮರ್‌ಗಳು ಕೋಡ್ ಇಡುವ ಅದೇ ಗಿಟ್. ನಿನ್ನೆಗೂ ಇವತ್ತಿಗೂ ಯಾವ ಸಾಲು ಬದಲಾಗಿದೆ ಅಂತ ಡಿಫ್‌ನಲ್ಲಿ, ಅಂದರೆ ಎರಡರ ಹೋಲಿಕೆಯಲ್ಲಿ, ತಕ್ಷಣ ಕಾಣುತ್ತದೆ, ಹಳೆಯದಕ್ಕೆ ಮರಳುವುದೂ ಸುಲಭ. ಲಾಗ್‌ಗಳನ್ನು ಕೆಲವು ಸಾಫ್ಟ್‌ವೇರ್‌ಗಳು ಸ್ವಲ್ಪ ದಿನಕ್ಕೇ ಅಳಿಸಿಬಿಡುತ್ತವೆ. ಗಿಟ್‌ಗೆ ಆ ಕಾಟ ಇಲ್ಲ.

ಎರಡನೆಯದು ನನ್ನ ಪ್ರಕಾರ ಇನ್ನೂ ಮುಖ್ಯ. ದೊಡ್ಡ ಪುಟಗಳಲ್ಲಿ ಗ್ರಾಹಕರಿಗೆ ಕಾಣುವ ಮೊದಲ 20 ಪ್ರಾಡಕ್ಟ್‌ಗಳ ಐಡಿಯನ್ನು ದಿನಾ ಉಳಿಸಿಡಿ. ಅರ್ಧಕ್ಕರ್ಧ ಬದಲಾದರೆ ಇಮೇಲ್ ಬರುವಂತೆ ಮಾಡಿ. ಕಾರಣ ಸ್ಟಾಕ್ ಇರಲಿ, ಟ್ಯಾಗ್ ಇರಲಿ, ಸಿಕ್ಕಿಬೀಳುವುದು ಇಲ್ಲೇ. ನಾಲ್ಕು ಜನರ ಟೀಮಿಗೆ ಇದಕ್ಕಂತ ದುಬಾರಿ ಟೂಲ್ ಏನೂ ಬೇಡ.

ನಾಲ್ವರೂ ಒಂದೇ ಲಾಗಿನ್ ಬಳಸುತ್ತಿದ್ದರೆ ಅದನ್ನು ಇವತ್ತೇ ನಿಲ್ಲಿಸಿ, ಅಲ್ವಾ? ಬೇರೆ ಸಾಫ್ಟ್‌ವೇರ್‌ಗಳು ಒಳಬರಲು ಬಳಸುವ ಎಪಿಐ ಕೀಗಳಿಗೂ ಇದೇ ಮಾತು. ಇಲ್ಲದಿದ್ದರೆ ಎಲ್ಲದಕ್ಕೂ ‘ಅಡ್ಮಿನ್’ ಅನ್ನುವ ಹೆಸರೇ ಕಾಣುತ್ತದೆ. ರೂಲ್ ತಿದ್ದಿದಾಗ ಯಾಕೆ ಅಂತ ಒಂದು ಸಾಲು ಬರೆಯಲಿ. ‘ಸುಮ್ನೆ ಟ್ರೈ ಮಾಡಿದೆ’ ಅಂತ ಬರೆದರೂ ಪರವಾಗಿಲ್ಲ, ಖಾಲಿ ಬಿಡುವುದು ಬೇಡ.