ಶಾಮಿಯಾನ್ ದ್ವೀಪಕ್ಕೆ ಕ್ಯಾಮೆರಾ ಹಿಡಿದು ಹೋಗುವವರಿಗೆ

ಸರ್, ಅಕ್ಟೋಬರ್‌ನಲ್ಲಿ ಕ್ಯಾಂಟನ್ ಫೇರ್ ಅನ್ನೋ ವ್ಯಾಪಾರ ಮೇಳಕ್ಕೆ ಅಂತ ಚೀನಾದ ಗುವಾಂಗ್‌ಝೌಗೆ ಹೋಗ್ತಿದ್ದೀನಿ, ಹಳೇ ಕಟ್ಟಡಗಳ ಫೋಟೋಗೆ ಅಲ್ಲಿನ ಶಾಮಿಯಾನ್ ದ್ವೀಪದಲ್ಲಿ ಅರ್ಧ ದಿನ ಸಾಕಾ, ಯಾವ ಲೆನ್ಸ್ ಒಯ್ಯಲಿ ಅಂತ ಕೇಳಿದ್ದೀರಿ. ಅರ್ಧ ದಿನ ಧಾರಾಳ ಸಾಕು. ಆದರೆ ಬೆಳಗಿನ ಹೊತ್ತೇ ಹೋಗಿ, ಶನಿವಾರ ಭಾನುವಾರ ಬೇಡ. ಹೊತ್ತೇರಿದ ಮೇಲೆ ಮದುವೆ ಫೋಟೋ ತೆಗೆಸಿಕೊಳ್ಳುವ ಜೋಡಿಗಳು, ಅವರ ರಿಫ್ಲೆಕ್ಟರುಗಳು ಒಳ್ಳೊಳ್ಳೆ ಬಾಗಿಲುಗಳನ್ನೆಲ್ಲ ಹಿಡಿದುಬಿಡ್ತಾರೆ. ಏಳಕ್ಕೆಲ್ಲ ತಲುಪಿದರೆ ವ್ಯಾಯಾಮ ಮಾಡುವ ಹಿರಿಯರು, ಹಕ್ಕಿಗಳ ಸದ್ದು, ಅಷ್ಟೇ.

ಫೇರ್ ನಡೆಯುವ ಪಝೌದಲ್ಲೇ ಉಳಿದಿದ್ದರೆ ಮೆಟ್ರೋ 8ನೇ ಲೈನ್‌ನಲ್ಲಿ ಕುಳಿತು ಕಲ್ಚರಲ್ ಪಾರ್ಕ್‌ನಲ್ಲಿ ಇಳಿಯಿರಿ, ಎಲ್ಲೂ ಬದಲಿಸಬೇಕಿಲ್ಲ. ಅಲ್ಲಿಂದ ದ್ವೀಪದ ಪೂರ್ವ ತುದಿಗೆ ನಡೆದೇ ಹೋಗಬಹುದು. ವಾಪಸ್ ಬರುವಾಗ ಪಶ್ಚಿಮದ ಹ್ವಾಂಗ್‌ಶಾ ಸ್ಟೇಷನ್ ಹತ್ತಿರ.

ದ್ವೀಪದ ಉದ್ದ ಸುಮಾರು 900 ಮೀಟರ್, ಅಗಲ 300. ಪರ್ಲ್ ನದಿಯ ಮರಳು ದಿಬ್ಬ ಇದು. ಬ್ರಿಟನ್, ಫ್ರಾನ್ಸ್ ಚೀನಾದ ಮೇಲೆ ಮಾಡಿದ ಎರಡನೇ ಅಫೀಮು ಯುದ್ಧದ ನಂತರ, 1861ರಲ್ಲಿ, ಬ್ರಿಟಿಷರು ಮತ್ತು ಫ್ರೆಂಚರ ವಸಾಹತು ಆಯಿತು. ಪೂರ್ವದ ಐದನೇ ಒಂದು ಪಾಲು ಫ್ರೆಂಚರದ್ದು, ಉಳಿದದ್ದು ಬ್ರಿಟಿಷರದ್ದು. ಚೀನಾಕ್ಕೆ ಸುರಿದ ಆ ಅಫೀಮು ಹೆಚ್ಚಾಗಿ ಹೋದದ್ದು ನಮ್ಮ ಬಿಹಾರ, ಬಂಗಾಳ, ಮಾಳ್ವಗಳಿಂದ. ಹಾಗಾಗಿ ಆ ಕಂಬ, ಕಮಾನುಗಳ ಮುಂದೆ ನಿಂತಾಗ ನಮಗೆ ಪೂರ್ತಿ ಹೊರಗಿನವರು ಅನ್ನಿಸುವುದಿಲ್ಲ.

ಲೆನ್ಸ್ ವಿಷಯಕ್ಕೆ ಬಂದರೆ, ಅಗಲ ನೋಟದ (ವೈಡ್) ಲೆನ್ಸ್ ಒಂದನ್ನೇ ನಂಬಿಕೊಳ್ಳಬೇಡಿ. ರಸ್ತೆಯುದ್ದಕ್ಕೂ ಭಾರಿ ಆಲ, ಕರ್ಪೂರದ ಮರಗಳು. ಇವು ಎಲೆ ಉದುರಿಸಿ ಬರಿದಾಗುವ ಮರಗಳಲ್ಲ, ಹಾಗಾಗಿ ಯಾವ ತಿಂಗಳು ಹೋದರೂ ಇಡೀ ಮುಂಭಾಗ ಒಂದೇ ಚೌಕಟ್ಟಿಗೆ ಸಿಗುವುದು ಕಷ್ಟ. 35 ಎಂಎಂ ಲೆನ್ಸ್ ಜೊತೆ 85 ಎಂಎಂ ಇಟ್ಟುಕೊಂಡು ಕಿಟಕಿಯ ಮರದ ಪಟ್ಟಿ, ಕಮಾನು, ಮೆಟ್ಟಿಲು, ಗೋಡೆ ಮೇಲೆ ಬಿದ್ದ ಎಲೆಯ ನೆರಳು ಹೀಗೆ ಬಿಡಿಬಿಡಿಯಾಗಿ ತೆಗೆಯಿರಿ. ಮುಖ್ಯ ಬೀದಿ ಪೂರ್ವ-ಪಶ್ಚಿಮವಾಗಿ ಇರುವುದರಿಂದ ಬೆಳಗಿನ ಬಿಸಿಲು ಬೀದಿಯುದ್ದಕ್ಕೆ ಓರೆಯಾಗಿ ಬಂದು ಗಾರೆಯ ಕೆತ್ತನೆ ಎದ್ದು ಕಾಣುತ್ತೆ. 1892ರ ಫ್ರೆಂಚ್ ಚರ್ಚು, ಲೂರ್ದ್ ಮಾತೆಯದು, ಪೂರ್ವ ಭಾಗದಲ್ಲೇ ಇದೆ. ಮೊದಲು ಅಲ್ಲಿಗೇ ಹೋಗಿ. ಇನ್ನೊಂದು ಮಾತು, ಎಸಿ ರೂಮಿನಿಂದ ಹೊರಬಂದ ಕೂಡಲೇ ಲೆನ್ಸ್ ಮೇಲೆ ಹಬೆ ಕೂರಬಹುದು. ಕ್ಯಾಮೆರಾವನ್ನು ಬ್ಯಾಗಿನೊಳಗೇ ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ತೆಗೆಯಿರಿ.

ದಯವಿಟ್ಟು ಉತ್ತರದ ಕಾಲುವೆ ದಾಟದೆ ವಾಪಸ್ ಬರಬೇಡಿ. ಈ ಕಾಲುವೆಯೇ ವಿದೇಶಿಯರನ್ನೂ ಊರಿನವರನ್ನೂ ಬೇರೆ ಮಾಡಿದ್ದು. 1925ರ ಜೂನ್ 23ರಂದು ಆಚೆ ದಡದಲ್ಲಿ ಮೆರವಣಿಗೆ ಹೋಗುತ್ತಿದ್ದ ಚೀನೀಯರ ಮೇಲೆ ದ್ವೀಪದ ಕಡೆಯಿಂದ ಗುಂಡು ಹಾರಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಅಲ್ಲಿನ ರಸ್ತೆಗೆ ಆ ದಿನಾಂಕದ್ದೇ ಹೆಸರು, ಲ್ಯೂ-ಅರ್-ಸಾನ್ ರಸ್ತೆ, ಅಂದರೆ ಆರು-ಎರಡು-ಮೂರು. ದ್ವೀಪದ ನಿಶ್ಶಬ್ದವನ್ನು ಸುಮ್ಮನೆ ಸುಂದರ ಅಂತ ಹಾಕಿದರೆ ನಿಮ್ಮ ಆಲ್ಬಂ ಅರ್ಧ ಕಥೆಯನ್ನೇ ಹೇಳುತ್ತೆ ಅನ್ನೋದು ನನ್ನ ಅಭಿಪ್ರಾಯ. ಅದೇ ದಾರಿಯಲ್ಲಿ ಚಿಂಗ್‌ಪಿಂಗ್ ಮಾರುಕಟ್ಟೆ, ಒಣ ಬೇರು, ಅಣಬೆ, ಗಿಡಮೂಲಿಕೆಗಳ ರಾಶಿ. ಅಂಗಡಿಯವರನ್ನು ಕೇಳಿಯೇ ಫೋಟೋ ತೆಗೆಯಿರಿ.

ಹೊರಡುವ ಮುಂಚೆ ಇಲ್ಲಿಂದಲೇ ಅಲಿಪೇಗೆ (ಅಲ್ಲಿ ಫೋನಿನಲ್ಲೇ ಹಣ ಕೊಡುವ ಆ್ಯಪ್) ಕಾರ್ಡ್ ಜೋಡಿಸಿಕೊಳ್ಳಿ. ಗೂಗಲ್ ಮ್ಯಾಪ್ ಅಲ್ಲಿ ನೆಚ್ಚಿಕೊಳ್ಳುವಂಥದ್ದಲ್ಲ. ಸಸ್ಯಾಹಾರಿಗಳಾಗಿದ್ದರೆ "ಮಾಂಸ, ಮೀನು, ಮಾಂಸದ ಸಾರು ಯಾವುದೂ ಬೇಡ" ಅಂತ ಚೀನೀ ಲಿಪಿಯಲ್ಲಿ ಫೋನಿನಲ್ಲಿ ಇಟ್ಟುಕೊಂಡು ತೋರಿಸಿ. ಬರೀ ಸೊಪ್ಪಿನ ಪಲ್ಯ ಅಂದುಕೊಂಡದ್ದಕ್ಕೂ ಅಲ್ಲಿ ಮಾಂಸದ ಸಾರು ಹಾಕುವುದುಂಟು.