ಜಾಡಿಯ ಮೇಲೆ ಬಾವಲಿ ಇದ್ದರೆ ಹೆದರಬೇಕಾಗಿಲ್ಲ

ಅಜ್ಜಿ ಮನೆಯ ನೀಲಿ-ಬಿಳಿ ಚೀನೀ ಪಿಂಗಾಣಿ ಜಾಡಿ ಒಂದರ ಮೇಲೆ ಬಾವಲಿ ಮತ್ತು ಪೀಚ್ ಹಣ್ಣು, ಇನ್ನೊಂದರ ಮೇಲೆ ಬಿರುಕುಗಳ ನಡುವೆ ಬಿಳಿ ಹೂವು. ಇದರ ಅರ್ಥವೇನು, ಬಾವಲಿ ಇರುವುದನ್ನು ಮನೆಯಲ್ಲಿ ಇಡಬಹುದಾ ಅಂತ ಕೇಳಿದ್ದೀರಿ.

ಧಾರಾಳವಾಗಿ ಇಡಿ. ಬಾವಲಿ ಮನೆ ಹೊಕ್ಕರೆ ಅಪಶಕುನ ಅನ್ನುವುದು ನಮ್ಮ ಕಡೆಯ ಮಾತು. ಚೀನಾದಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ಬಾವಲಿಗೂ ಭಾಗ್ಯಕ್ಕೂ ಇರುವ ಉಚ್ಚಾರ ಒಂದೇ, 'ಫು'. ಹಾಗಾಗಿ ಬಾವಲಿ ಬರೆದರೆ ಭಾಗ್ಯ ಬರಲಿ ಅಂತ ಹಾರೈಸಿದ ಹಾಗೆ. ಐದು ಬಾವಲಿ ಇದ್ದರೆ ಐದು ಭಾಗ್ಯ: ದೀರ್ಘಾಯುಸ್ಸು, ಸಂಪತ್ತು, ಆರೋಗ್ಯ, ಒಳ್ಳೆಯ ನಡತೆ, ನೆಮ್ಮದಿಯ ಸಾವು. (ಕೊನೆಯದನ್ನೂ ಭಾಗ್ಯ ಅಂತ ಲೆಕ್ಕ ಹಿಡಿದಿದ್ದಾರಲ್ಲ, ಅದು ನನಗೆ ತುಂಬಾ ಇಷ್ಟ.)

ಆದರೆ ಒಂದೊಂದು ಚಿತ್ರವನ್ನೇ ಬಿಡಿಬಿಡಿಯಾಗಿ ನೋಡಬೇಡಿ. ಜೊತೆಯಲ್ಲಿ ಏನಿದೆ ನೋಡಿ. ಪೀಚ್ ದೀರ್ಘಾಯುಸ್ಸಿನ ಹಣ್ಣು. ಪಶ್ಚಿಮದ ರಾಣಿಮಾತೆ ಅನ್ನುವ ಚೀನೀ ದೇವತೆಯ ತೋಟದಲ್ಲಿ ಅದು 3000 ವರ್ಷಕ್ಕೊಮ್ಮೆ ಹಣ್ಣಾಗುತ್ತದೆ ಅಂತ ಅವರ ಕಥೆ. ಬಾವಲಿ, ಪೀಚ್ ಎರಡೂ ಸೇರಿದರೆ 'ಭಾಗ್ಯವೂ ಇರಲಿ, ಆಯುಸ್ಸೂ ಇರಲಿ'. ಅದೇ ಬಾವಲಿಯ ಪಕ್ಕ ತೂತಿರುವ ನಾಣ್ಯ ಇದ್ದರೆ ಅರ್ಥ ಬದಲಾಗಿ 'ಭಾಗ್ಯ ಕಣ್ಣೆದುರೇ ಇದೆ' ಅಂತಾಗುತ್ತದೆ. ಒಂಥರಾ ಒಗಟು ಬಿಡಿಸಿದ ಹಾಗೆ.

ಎರಡನೆಯ ಜಾಡಿಯ ಬಿರುಕುಗಳು ಒಡೆದ ಗುರುತಲ್ಲ. ಅವು ಕರಗುತ್ತಿರುವ ಮಂಜುಗಡ್ಡೆ, ಹೂವು ಪ್ಲಮ್ ಮರದ್ದು. ಚಳಿ ಮುಗಿಯುವ ಹೊತ್ತಿಗೆ, ಎಲೆ ಚಿಗುರುವ ಮೊದಲೇ ಅರಳುವ ಹೂವು ಅದು. ಅಂದರೆ ವಸಂತ ಬಂತು ಅಂತ. ಹಿಂದೆ ಇಂಗ್ಲೆಂಡಿನ ಸಂಗ್ರಹಕಾರರು ಇದನ್ನು ಹಾಥಾರ್ನ್ ಅನ್ನುವ ತಮ್ಮೂರಿನ ಹೂವೆಂದು ತಿಳಿದು ಜಾಡಿಗೂ ಅದೇ ಹೆಸರಿಟ್ಟುಬಿಟ್ಟರು. ಕೊಂಬೆಯಲ್ಲಿ ಎಲೆ ಇದೆಯಾ ನೋಡಿ, ಸಾಮಾನ್ಯವಾಗಿ ಇರುವುದಿಲ್ಲ.

ಇನ್ನೊಂದು ವಿಷಯ. ಹಳೆಯ ಪಿಂಗಾಣಿಯ ಮೇಲಿನ ಪ್ರತಿ ಹೂವಿಗೂ ಗೂಢಾರ್ಥ ಹುಡುಕುವವರು ಜಾಸ್ತಿ. ಜಿಂಗ್‌ಡೆಝೆನ್ ಅನ್ನುವ ಚೀನಾದ ಊರಿನ ಪಿಂಗಾಣಿ ಸುಡುವ ಗೂಡುಗಳಿಂದ ಯುರೋಪಿಗೆ ಹೋದ ಸಾಮಾನಿನಲ್ಲಿ ಎಷ್ಟೋ ಹೂಬಳ್ಳಿಗಳನ್ನು ಕೊಳ್ಳುವವರ ರುಚಿಗೆ ತಕ್ಕಂತೆ, ಜಾಗ ತುಂಬಲು ಸುಮ್ನೆ ಬರೆದಿದ್ದಾರೆ.

ಚಿತ್ರ ನೋಡಿ ಕಾಲ ಹೇಳಲಂತೂ ಆಗದು. ಪ್ಲಮ್ ಹೂವಿನ ಜಾಡಿಗಳು ಕಾಂಗ್‌ಷಿ ದೊರೆಯ ಕಾಲದಲ್ಲಿ (1662–1722) ಹೆಸರು ಮಾಡಿದವು, ನಿಜ. ಆದರೆ 19ನೇ ಶತಮಾನದಲ್ಲಿ ಅದೇ ದೊರೆಯ ಮುದ್ರೆ ಬರೆದು ರಾಶಿ ರಾಶಿ ಮಾಡಿದರು. ಹಾಗಾಗಿ ತಳದ ಮುದ್ರೆಯೊಂದನ್ನೇ ನಂಬಿ ಬೆಲೆ ಕಟ್ಟಬೇಡಿ. ತಳದ ಅಂಚು, ಮುಚ್ಚಳದ ಒಳಭಾಗ ಎರಡರ ಫೋಟೋ ಹಗಲು ಬೆಳಕಿನಲ್ಲಿ ತೆಗೆದು ಇಲ್ಲೇ ಹಾಕಿ, ನೋಡೋಣ.